ಕೂರುವ ದೋಣಿ, ಮಲಗುವ ದೋಣಿ

ಕೆಂಗೇರಿಯ ನಮ್ಮ ಮನೆಯ ಹಾಲ್‌ನಲ್ಲಿ ಗಾಳಿ ತುಂಬಿಸುವ ಎರಡು ರಬ್ಬರ್ ದೋಣಿಗಳು ಬಿದ್ದಿದ್ದವು. ಮಗಳು ವಚನಾ ಆನ್‌ಲೈನಿನಲ್ಲಿ ಎರಡನ್ನೂ ತರಿಸಿ, ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಶನಿವಾರ ಬಂದು ವಾಪಸ್ ಒಯ್ಯುತ್ತಾರೆ ಎಂದು ಹೇಳಿ ನಂದಿನಿ ಲೇಔಟಿನ ತನ್ನ ಮನೆಗೆ ಹೊರಟುಹೋದಳು. ಎಪ್ಪತ್ತೊಂದನೇ ವಯಸ್ಸಿನಲ್ಲಿ ನನಗೆ ದೋಣಿ ಆರಿಸುವ ಕೆಲಸ. ನನ್ನ ಕರ್ಮ.

ಹೋದ ವರ್ಷ ಪಕ್ಕದ ರಾಜಕಾಲುವೆ ಉಕ್ಕಿ ಮನೆಯೊಳಗೆ ಸೊಂಟಮಟ್ಟ ನೀರು ಬಂದಿತ್ತು. ನನ್ನ ಹೆಂಡತಿ ಶಿವಗಂಗಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದವಳು. ಅವತ್ತು ಪಕ್ಕದ ಮನೆಯ ಕಲ್ಮೇಶ್ ಮತ್ತು ಅವನ ತಮ್ಮಂದಿರು ಮಂಚದ ಸಮೇತ ಹೊತ್ತು ದಾಟಿಸಿದ್ದರು. ಆಮೇಲೆ ಅವರೂ ಮನೆ ಖಾಲಿ ಮಾಡಿದರು. ಮತ್ತೆ ನೀರು ಬಂದರೆ ಇವಳನ್ನು ಹೊರಗೆ ಸಾಗಿಸಲು ನಾನೊಬ್ಬನೇ, ಅದೂ ಮಂಡಿ ಸವೆದವನು.

ಚಿಕ್ಕ ದೋಣಿಗೆ ಗಾಳಿ ತುಂಬಿ ಮಂಚದ ಪಕ್ಕದಲ್ಲೇ ಇಟ್ಟುಬಿಡಬಹುದಿತ್ತು. ಬಾಗಿಲಲ್ಲಿ ಸಲೀಸಾಗಿ ಹೋಗುತ್ತಿತ್ತು. ಆದರೆ ಅದರಲ್ಲಿ ಕೂರಬೇಕು. ದೊಡ್ಡದರಲ್ಲಿ ಮಲಗಬಹುದು, ಆದರೆ ಗಾಳಿ ತುಂಬಿದ ಮೇಲೆ ಅದು ಬಾಗಿಲಲ್ಲಿ ಹಿಡಿಸದು. ಹೊರಗೆ ತುಂಬಿಸಿಟ್ಟರೆ ಬಿಸಿಲಿಗೆ ಬಿರಿಯುತ್ತದೆ. ನೀರು ಬಂದಾಗಲೇ ಹೊರಗೆ ಎತ್ತರದ ಜಗಲಿಯ ಮೇಲೆ ಹರಡಿ, ಕಾಲಲ್ಲಿ ಪಂಪ್ ಒತ್ತಿ ತುಂಬಿಸಬೇಕು.

ಶಿವಗಂಗಮ್ಮ ಚಿಕ್ಕದೇ ಇರಲಿ, ಕೂರುವುದನ್ನು ಕಲಿಯುತ್ತೇನೆ ಎಂದು ಹಟ ಹಿಡಿದಳು. ಶುಕ್ರವಾರ ನಾನು ಹಾಲು ತಂದು ಒಳಗೆ ಬಂದರೆ, ಕೆಲಸದ ಮುತ್ತವ್ವ ಅವಳಿಗೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ಬೀಳದಂತೆ ಎದೆಗೆ ಸೀರೆ ಸುತ್ತಿ ಕಿಟಕಿಯ ಕಂಬಿಗೆ ಕಟ್ಟಿ ಕೂರಿಸಿದ್ದಳು. ನಮ್ಮವರಲ್ಲಿ ಹೀಗೆ ಕೂರಿಸುವುದು ಸತ್ತವರನ್ನು. ಮಣ್ಣು ಮಾಡುವುದೂ ಕೂತಂತೆಯೇ.

“ಹತ್ತು ನಿಮಿಷ ಆಯ್ತು ರೀ, ಬಿದ್ದಿಲ್ಲ,” ಎಂದು ತೊದಲುತ್ತ ನಕ್ಕಳು.

“ಬಿಚ್ಚು ಮುತ್ತವ್ವ ಅದನ್ನ. ಇನ್ನೊಂದು ಸಲ ಇವಳನ್ನ ಹೀಗೆ ಕೂರಿಸಿದ್ರೆ ಸರಿ ಇರಲ್ಲ.”

ಹತ್ತು ನಿಮಿಷಕ್ಕಿಂತ ಹೆಚ್ಚು ಇವಳ ಕೈಲಿ ಕೂರಲಾಗದು ಎಂದು ಮಗಳಿಗೆ ಫೋನಿನಲ್ಲಿ ನೆಪ ಹೇಳಿದೆ. ನಿಜವಾಗಿ ನನಗೆ ಹೆದರಿಕೆಯಾಗಿತ್ತು. ಶನಿವಾರ ಚಿಕ್ಕ ದೋಣಿ ವಾಪಸ್ ಹೋಯಿತು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ, ಮುತ್ತವ್ವ ಮನೆಗೆ ಹೋದ ಮೇಲೆ, ಕಾಲುವೆ ಮತ್ತೆ ಉಕ್ಕಿ ಹಿಂಬಾಗಿಲಿನಿಂದ ನೀರು ನುಗ್ಗಿತು. ಅಗ್ನಿಶಾಮಕದವರಿಗೆ ಫೋನ್ ಮಾಡಿ, ಜಗಲಿಯಲ್ಲಿ ನಿಂತು ಪಂಪ್ ಒತ್ತಿದೆ. ಹಾಳು ಮಂಡಿ ನಾಲ್ಕು ಸಲ ಒತ್ತಿದರೆ ಒಂದು ಸಲ ಸೋಲುತ್ತಿತ್ತು. ಒಳಗಿನಿಂದ ಅವಳು ಕೂಗುತ್ತಲೇ ಇದ್ದಳು. ಬಂದೆ ಕಣೇ, ಬಂದೆ ಅನ್ನುತ್ತಲೇ ಇದ್ದೆ. ಇಪ್ಪತ್ತು ನಿಮಿಷವಾದರೂ ದೋಣಿಯ ಒಂದು ಮಗ್ಗುಲೂ ನೆಟ್ಟಗೆ ಉಬ್ಬಿರಲಿಲ್ಲ. ಕೂಗು ನಿಂತಿತು. ಓಡಿದೆ. ನೀರು ಮಂಚ ಮುಳುಗಿಸಿ ಅವಳ ಬಾಯಿಗೆ ಬಂದಿತ್ತು. ಕುತ್ತಿಗೆ ಎತ್ತಿ ಹಿಡಿದು, ಅಗ್ನಿಶಾಮಕದವರು ಬರುವವರೆಗೆ ನಿಂತೇ ಇದ್ದೆ.

ಕೊಳಚೆ ನೀರು ಶ್ವಾಸಕೋಶಕ್ಕೆ ಹೋಗಿದೆ ಎಂದರು ಡಾಕ್ಟರು. ಐದನೇ ದಿನ ಬೆಳಗ್ಗೆ ಅವಳನ್ನು ಮನೆಗೆ ತಂದೆವು. ಗೋಡೆಯಲ್ಲಿ ನೀರಿನ ಗುರುತು ಇನ್ನೂ ಹಸಿಯಾಗಿತ್ತು. ಮುತ್ತವ್ವ ಸ್ನಾನ ಮಾಡಿಸಿದಳು. ವಿಭೂತಿ ನಾನೇ ಹಚ್ಚಿದೆ. ಅದೇ ಗೋಡೆಗೆ ಒರಗಿಸಿ, ಸೀರೆ ಸುತ್ತಿ, ಅದೇ ಕಂಬಿಗೆ ಕಟ್ಟಿದೆವು.

ಸಂಜೆ ನಾಲ್ಕಕ್ಕೆ ಮಣ್ಣಿಗೆ ಒಯ್ಯುವವರೆಗೂ ಕೂತಿದ್ದಳು. ಬೀಳಲಿಲ್ಲ.