ಕೆಮ್ಮಣ್ಣು ಹೊತ್ತ ಶೇಷಮ್ಮ

ಶೇಷಮ್ಮನವರು ಯಾವ ವಸ್ತುವನ್ನೂ ಮುಖ ನೋಡಿ ಕೊಂಡವರಲ್ಲ, ಮಗುಚಿ ಹಾಕಿ ಬೆನ್ನು ನೋಡಿ ಕೊಂಡವರು. ಕುಂಬಳಕಾಯಿಯಾಗಲಿ, ಸ್ಟೀಲಿನ ಕೊಡಪಾನವಾಗಲಿ, ಪ್ಲಾಸ್ಟಿಕ್ ಕುರ್ಚಿಯಾಗಲಿ, ಅಂಗಡಿಯವನು ಹೊಗಳುತ್ತಿರುವಾಗಲೇ ಅದನ್ನು ತಲೆಕೆಳಗು ಮಾಡಿ, ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಆ ಸದ್ದನ್ನು ತಲೆ ವಾಲಿಸಿಕೊಂಡು ಆಲಿಸಿ, ಆಮೇಲೆಯೇ ದರದ ಮಾತು. ನಾನು ನೌಕರಿಯಿಂದ ನಿವೃತ್ತನಾಗಿ ಹೊಸನಗರ ತಾಲ್ಲೂಕಿನ ನಮ್ಮೂರಿಗೆ ಬಂದು ನೆಲೆಸಿದ ಹೊಸತರಲ್ಲಿ ಅವರೊಮ್ಮೆ ನಮ್ಮ ಮನೆಗೆ ಬಂದರು. ಕೂರಲು ಕೊಟ್ಟ ಮಣೆಯನ್ನೂ ಮಗುಚಿ ನೋಡಿ, "ಗೆದ್ದಲು ಹಿಡದದೆ ಮೇಷ್ಟ್ರೇ" ಎಂದು ಹೇಳಿ, ಮತ್ತೆ ಅದರ ಮೇಲೆಯೇ ನಿರಾಳವಾಗಿ ಕೂತರು. ಹಿಡಿದಿತ್ತು, ಸುಳ್ಳಲ್ಲ.

ಗಿಡ್ಡ ಆಳು, ಅರವತ್ತರ ಆಚೀಚೆ. ನಡೆಯುವಾಗ ಬಲಗಾಲನ್ನು ಕೊಂಚ ಹೊರಮಗ್ಗುಲಿಗೆ ಎಸೆದು ಹಿಮ್ಮಡಿಯೂರುವ ಆ ನಡಿಗೆ ಗದ್ದೆಯಂಚಿನ ಮೇಲೆ ನಡೆದು ರೂಢಿಯಾದವರದ್ದು. ಡಾಂಬರು ರಸ್ತೆಯಲ್ಲೂ ಅವರು ಎರಡು ಕಡೆ ಕೆಸರಿದ್ದಂತೆಯೇ ನಡೆಯುತ್ತಾರೆ. ಸೀರೆಯ ಮೇಲೆ, ತೀರಿಹೋದ ಗಂಡ ಹೂವಪ್ಪನವರ ತುಂಬುತೋಳಿನ ಖಾಕಿ ಅಂಗಿ. ಗದ್ದೆ ಕೆಲಸಕ್ಕೆ ನಮ್ಮ ಕಡೆಯ ಹೆಂಗಸರೆಲ್ಲ ಗಂಡನ ಅಂಗಿ ತೊಡುವುದುಂಟು, ಪೇಟೆಗೆ ಹೊರಡುವಾಗ ಬಿಚ್ಚಿಡುವುದೂ ಉಂಟು. ಶೇಷಮ್ಮ ಬಿಚ್ಚಿಡುವವರಲ್ಲ. ಮದುವೆಮನೆಗೊಂದು ಬಿಟ್ಟು ಸಾಗರದ ಸಂತೆಗೂ ಆಸ್ಪತ್ರೆಗೂ ತಾಲ್ಲೂಕು ಕಚೇರಿಗೂ ಅದೇ ಅಂಗಿ. ಮಾತಿನ ಕೊನೆಗೊಂದು "ಗೊತ್ತಾತಾ?" ಅವರಿಗೆ ಅಂಟಿಕೊಂಡೇ ಬರುತ್ತದೆ. ಅದು ಪ್ರಶ್ನೆಯಲ್ಲ, ಗೊತ್ತಾಗಲಿಲ್ಲವೆಂದು ಅವರಿಗೆ ಮೊದಲೇ ಖಾತ್ರಿಯಿರುತ್ತದೆ.

ಅವರದ್ದು ಒಂದೆಕರೆ ಗದ್ದೆ. ಮಾವ ಗೇಣಿಗೆ ಉಳುತ್ತಿದ್ದು, ಭೂಸುಧಾರಣೆ ಬಂದಾಗ ಡಿಕ್ಲರೇಷನ್ ಕೊಟ್ಟು, ನಾಲ್ಕು ವರ್ಷ ಕಚೇರಿ ಅಲೆದು ತನ್ನ ಹೆಸರಿಗೆ ಮಾಡಿಸಿಕೊಂಡ ಭೂಮಿ. ಗುಡ್ಡದ ಬುಡದಿಂದ ಹಳ್ಳದವರೆಗೆ ಮೆಟ್ಟಿಲಿನಂತೆ ಇಳಿದ ಐದು ಹಾಳಿ, ಎಂದರೆ ಅಂಚು ಕಟ್ಟಿದ ಐದು ಗದ್ದೆ ತುಂಡು. ಎಲ್ಲಕ್ಕೂ ಮೇಲಿನದು ಎಂಟು ಗುಂಟೆಯ ತಲೆಗದ್ದೆ. ನೀರು ಮೊದಲು ಅಲ್ಲಿ ನಿಂತು, ಅಲ್ಲಿಂದ ಕೆಳಗಿನ ನಾಲ್ಕಕ್ಕೂ ಇಳಿಯಬೇಕು. ಕಳೆದ ವರ್ಷ ಗುಡ್ಡದ ಮೇಲಿನ ರಸ್ತೆಯನ್ನು ಅಗಲ ಮಾಡಿದ ಗುತ್ತಿಗೆದಾರ ಮಹಾಶಯ, ದರೆ ಕಡಿದ ಮಣ್ಣನ್ನು ಸಾಗಿಸುವ ಖರ್ಚು ಉಳಿಸಿಕೊಂಡು, ರಸ್ತೆಯಂಚಿನಿಂದ ಕೆಳಕ್ಕೆ ನೂಕಿ ಕೈತೊಳೆದುಕೊಂಡ. ಆಷಾಢದ ಮಳೆ ಹಿಡಿದ ಮೂರನೆಯ ದಿನ ಅಷ್ಟೂ ಕೆಮ್ಮಣ್ಣು ಇಳಿದು ಬಂದು ತಲೆಗದ್ದೆಯಲ್ಲಿ ಮೊಣಕಾಲುದ್ದ ಕೂತಿತು. ನಟ್ಟಿಗೆ ಸಿದ್ಧವಾಗಿದ್ದ ಸಸಿ ಮಡಿಯಲ್ಲೇ ಬಲಿಯಿತು. ಆ ವರ್ಷ ಐದೂ ಹಾಳಿ ಪಾಳು.

ಕಚೇರಿಗೆ ಹೋದರೆ, ಪರಿಹಾರದ ಅರ್ಜಿಯಲ್ಲಿ ನೆರೆಗೆ ಒಂದು ಕಲಮು, ಬರಕ್ಕೆ ಒಂದು ಕಲಮು, ಕಾಡುಪ್ರಾಣಿಗಳಿಗೊಂದು ಕಲಮು, ಗುತ್ತಿಗೆದಾರನಿಗೆ ಕಲಮಿಲ್ಲ! ರಸ್ತೆಯ ಕೆಲಸ ನೋಡಿಕೊಳ್ಳುವ ಸಾಹೇಬರೊಬ್ಬರು ಅರ್ಜಿಯನ್ನು ಓದಿ, "ಮೇಲಿನ ಮಣ್ಣು ಕೆಳಗೆ ಬರೋದು ಪ್ರಕೃತಿ ನಿಯಮ ಅಲ್ವೇನಮ್ಮಾ" ಎಂದರಂತೆ. ಮೂವತ್ತಾರು ವರ್ಷ ವಿಜ್ಞಾನ ಪಾಠ ಹೇಳಿದವನು ನಾನು, ಗುರುತ್ವಾಕರ್ಷಣೆಯನ್ನು ಇಷ್ಟು ಲಜ್ಜೆಗೆಟ್ಟು ಬಳಸಿದ್ದನ್ನು ಇನ್ನೊಮ್ಮೆ ಕಂಡಿಲ್ಲ. ಶೇಷಮ್ಮ ಮಾತ್ರ ಅರ್ಜಿಯನ್ನು ವಾಪಸು ಇಸಕೊಂಡು, "ಹಂಗಾದ್ರೆ ನಾನೇ ಮೇಲೆ ಹೊರ್ತೀನಿ ಬಿಡಿ" ಎಂದು ಎದ್ದು ಬಂದರು.

ಹೊರುವುದೆಂದರೆ ಹೇಗೆ ಎಂಬುದೇ ಆಮೇಲಿನ ಆರು ತಿಂಗಳ ಪ್ರಶ್ನೆ. ಕೈಯಲ್ಲಿದ್ದದ್ದು ಒಂದು ಎಮ್ಮೆ, ಅದರ ಕರು ಮಾರಿದ ದುಡ್ಡು. ಜೊತೆಗೆ, ಬೆಳಿಗ್ಗೆ ಅಂಗನವಾಡಿಯ ಕೆಲಸ ಮುಗಿಸಿ ಬರುವ ಮಗಳು ಪ್ರತಿಮಾ, ಕೂಲಿಯಿಲ್ಲದೆ, ಕೆಲಸಕ್ಕೆ ಕೆಲಸವೆಂದು ಮುಯ್ಯಾಳಿಗೆ ಬರಲೊಪ್ಪಿದ ನಾಲ್ಕು ಹೆಂಗಸರು. ಊರಿನವರೆಲ್ಲರ ಸಲಹೆ ಒಂದೇ: "ಜೆಸಿಬಿ ಕರ್ಸಿ." ಶೇಷಮ್ಮನ ಉತ್ತರವೂ ಒಂದೇ: "ಗದ್ದೆಗೆ ಅಡಿ ಅಂತ ಒಂದದೆ." ನೂರಾರು ವರ್ಷ ಎತ್ತು ತುಳಿದು, ಆಳು ತುಳಿದು, ಕೆಸರಿನ ಕೆಳಗೆ ಗಾರೆಯಂತೆ ಗಟ್ಟಿಯಾದ ಒಂದು ತಳ ಭತ್ತದ ಗದ್ದೆಗಿರುತ್ತದೆ, ನೀರನ್ನು ಹಿಡಿದು ನಿಲ್ಲಿಸುವುದು ಅದು. ಕೆಂಪನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ತೆಗೆಯಬೇಕು, ಒಳಗಿನ ಕಪ್ಪು ಅಲ್ಲಾಡಕೂಡದು, ಅಡಿಯಂತೂ ಗೀರಲೂಕೂಡದು. ತೆಗೆದ ಮಣ್ಣನ್ನು ಅಂಚಿನ ಮೇಲೆ ದಾಟಿಸಿ, ಮನೆ ಹಿಂದಿನ ಬರಡು ಹಕ್ಕಲಿನಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹರವಿದರೆ ಅಲ್ಲೊಂದಿಷ್ಟು ಅಲಸಂಡೆಯಾದರೂ ಆದೀತು. ಇದು ಅವರ ಯೋಜನೆ. ಯಾವ ಇಂಜಿನಿಯರಿಗೂ ಹೊಳೆಯದ ಈ ಯೋಜನೆಯನ್ನು ಅವರು ನನಗೆ ಹೇಳಿದ್ದು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ.

ಫೆಬ್ರವರಿಯಲ್ಲಿ ಮಣ್ಣು ಸಾಗಿಸುವ ತಳ್ಳುಗಾಡಿ ನೋಡಲು ಸಾಗರಕ್ಕೆ ಹೊರಟರು. ನನಗೂ ಕನ್ನಡಕದ ಕೆಲಸವಿತ್ತು, ಜೊತೆಗೆ ಹೋದೆ. ಗಣೇಶಮೂರ್ತಿ ಎಂಬವರ ಕೃಷಿ ಉಪಕರಣದ ಅಂಗಡಿ. ಶೇಷಮ್ಮ ಕೇಳುತ್ತಾರೆ, ಆ ಮನುಷ್ಯ ನನಗೆ ಉತ್ತರ ಕೊಡುತ್ತಾರೆ! "ಒಂಟಿ ಚಕ್ರದ್ದು ಯಾವುದದೆ?" ಎಂದು ಇವರು, "ಸರ್, ನಿಮ್ಗೆ ಡಬ್ಬಲ್ ವೀಲೇ ಒಳ್ಳೇದು" ಎಂದು ನನ್ನ ಕಡೆಗೆ ಅವರು. "ಅಂಚು ಒಂದೂವರೆ ಅಡಿ ಅದೆ, ಎರಡು ಚಕ್ರ ಗಾಳಿ ಮೇಲೆ ಹೋಗ್ತದಾ?" ಎಂದು ಇವರು, "ಸರ್, ಹಂಗಾರೆ ಪೆಟ್ರೋಲಿಂದು ನೋಡಿ, ಸಬ್ಸಿಡಿ ಇದೆ" ಎಂದು ಮತ್ತೆ ನನ್ನ ಕಡೆಗೇ. ಸಬ್ಸಿಡಿ ಎಂಬ ಮೂರಕ್ಷರದ ಮಾಯೆ ನೋಡಿ: ಮೊದಲು ಪೂರಾ ಹಣ ಕಟ್ಟಬೇಕು, ಆಮೇಲೆ ಅರ್ಜಿ, ಆಮೇಲೆ ದೇವರಿಚ್ಛೆ. ಪೂರಾ ಹಣವಿದ್ದವರಿಗೆ ಮಾತ್ರ ಸಿಗುವ ಸಹಾಯ ಅದು. ನನಗೆ ಮೈಯುರಿದು ಹೋಯಿತು. "ನೋಡ್ರೀ, ಗಿರಾಕಿ ಅವರು, ನಾನಲ್ಲ" ಎಂದು ಜೋರು ಮಾಡಿದೆ. "ಗೊತ್ತು ಸಾರ್, ಆದ್ರೂ ಗಂಡಸ್ರಿಗೆ ಹೇಳಿದ್ರೆ ಬೇಗ ಅರ್ಥ ಆಗ್ತದೆ" ಎಂದರು ಆ ಪುಣ್ಯಾತ್ಮ.

ಶೇಷಮ್ಮ ಇದಾವುದನ್ನೂ ಕೇಳಿಸಿಕೊಳ್ಳದವರಂತೆ ಒಂದು ಒಂಟಿಚಕ್ರದ ಗಾಡಿಯನ್ನು ಮಗುಚಿ, ತಟ್ಟಿ, ಬೆಸುಗೆಯ ಮೇಲೆ ಉಗುರಾಡಿಸುತ್ತಿದ್ದರು. ಕೊನೆಗೆ ನೆಟ್ಟಗೆ ನಿಲ್ಲಿಸಿ, "ಇಲ್ಲಿ ಮಣ್ಣಿಲ್ಲ. ನೀವೇ ಕೂತ್ಕಳಿ" ಎಂದರು. ಗಣೇಶಮೂರ್ತಿ ನಕ್ಕರು. ಶೇಷಮ್ಮ ನಗಲಿಲ್ಲ. "ಭಾರ ಹಾಕದೇ ಗಾಡಿ ಹೆಂಗೆ ನೋಡಾದು? ಕೂತ್ಕಳಿ." ಆ ಧ್ವನಿಗೆ ಎಂತಹವರೂ ಕೂರುತ್ತಿದ್ದರು, ಅವರೂ ಕೂತರು. ಸಾಗರದ ನಡುಪೇಟೆಯಲ್ಲಿ, ಆಟೋದವರು ಶಿಳ್ಳೆ ಹೊಡೆಯುತ್ತಿರಲು, ಖಾಕಿ ಅಂಗಿಯ ಮುದುಕಿಯೊಬ್ಬರು ಎಂಬತ್ತು ಕೇಜಿಯ ಅಂಗಡಿ ಸಾಹುಕಾರರನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಹತ್ತು ಮಾರು ಹೋಗಿ, ತಿರುಗಿಸುವಾಗ ಗಾಡಿಯ ಕಾಲು ಸೊಟ್ಟಗಾಗಿ ಸಾಹುಕಾರರು ಚರಂಡಿಯ ಪಕ್ಕದಲ್ಲಿ ಇಳಿದದ್ದನ್ನು ನಾನು ಈ ಕಣ್ಣಾರೆ ಕಂಡೆ. "ಗಾಡಿ ಹೆಂಗಸ್ರಿಗೂ ಬೇಗ ಅರ್ಥ ಆತು, ಗೊತ್ತಾತಾ?" ಎಂದರು ಶೇಷಮ್ಮ. ಬಸ್ಸಿನಲ್ಲಿ ನಾನು ನಗುತ್ತ, ಆ ಅಂಗಡಿಯವರನ್ನು ಊರು ಮುಟ್ಟುವವರೆಗೂ ಬೈದೆ. ಹೆಣ್ಣಿನ ಮಾತಿಗೆ ಕಿವಿಗೊಡದ ಸಮಾಜದ ಬಗ್ಗೆ ನನ್ನಲ್ಲಿ ಅಂದು ಬಹಳ ಒಳ್ಳೆಯ ವಿಚಾರಗಳಿದ್ದವು.

ಮಾರ್ಚಿನಲ್ಲಿ ತೀರ್ಥಹಳ್ಳಿಯ ಕೆರಿಯಪ್ಪ ಎಂಬ ವೆಲ್ಡಿಂಗಿನವನ ಸುದ್ದಿ ಸಿಕ್ಕಿತು. ಹಳೆ ಮೊಪೆಡ್ಡಿನ ಚಕ್ರ ಹಾಕಿ ಕೈಗಾಡಿ ಮಾಡಿಕೊಡುತ್ತಾನೆ, ಕೇಳಿದ ಅಳತೆಗೆ ಮಾಡುತ್ತಾನೆ. ಶೇಷಮ್ಮ ಎರಡಕ್ಕೆ ಹೇಳಿ ಬಂದರು. ತೊಟ್ಟಿ ಒಂದು ಗೇಣಿಗಿಂತ ಆಳವಿರಬಾರದೆಂದು ಕರಾರು. ಇಷ್ಟು ಚಿಕ್ಕದೇಕೆಂದು ನಾನು ಕೇಳಿದ್ದಕ್ಕೆ, "ಆಳ ಇದ್ರೆ ತುಂಬ್ತಾರೆ, ತುಂಬಿದ್ರೆ ಅಂಚಿನ ಮೇಲೆ ಮಗುಚ್ತಾರೆ. ತಪ್ಪು ತಳ್ಳೋರದ್ದಲ್ಲ, ತೊಟ್ಟಿದು" ಎಂದರು. ಮಣ್ಣು ಎಳೆದು ಹರವಲು ಹೊಸ ಖರ್ಚೇ ಇಲ್ಲ: ಸಲಿಕೆಯ ಅಲಗಿಗೆ ಹಗ್ಗ ಕಟ್ಟಿ, ಒಬ್ಬರು ಕಾವು ಹಿಡಿದು ಊರಿದರೆ ಎದುರಿಗಿದ್ದವರು ಹಗ್ಗ ಜಗ್ಗುವುದು. ಒಬ್ಬರ ಕೆಲಸಕ್ಕೆ ಇಬ್ಬರು ಬೇಕೆಂದು ಕಾಣುತ್ತದೆ, ಆದರೆ ಸೊಂಟ ಎರಡೂ ಉಳಿಯುತ್ತವೆ. ಮಟ್ಟ ಮಾಡಲು ಹೂವಪ್ಪನವರ ಕಾಲದ ಹಲಗೆ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಕೆಲಸವನ್ನು ಹದಿನೈದು ಸಾವಿರದೊಳಗೆ ಕೂರಿಸಿದ್ದರು. ನಮ್ಮ ಪಂಚಾಯಿತಿಯವರು ಬರೇ ಒಂದು ಅಂದಾಜುಪಟ್ಟಿ ಬರೆಸಲು ಅದಕ್ಕಿಂತ ಹೆಚ್ಚು ತಿನ್ನುತ್ತಾರೆ.

ಗಾಡಿ ತರಲು ಶೇಷಮ್ಮ ತೀರ್ಥಹಳ್ಳಿಗೆ ಹೋದ ದಿನ, ಸುಮಾರು ಹನ್ನೊಂದು ಗಂಟೆಗೆ, ಪಂಚಾಯಿತಿ ಮೆಂಬರು ಪೂರ್ಣೇಶ್ ಫೋನು ಮಾಡಿದರು. ಕೆಟ್ಟ ಮನುಷ್ಯರಲ್ಲ, ಯಾರ ಮನೆಯ ಕಷ್ಟಕ್ಕೂ ಮೊದಲು ಓಡುವವರು. "ಮೇಷ್ಟ್ರೇ, ಆ ಕಂಟ್ರಾಕ್ಟ್ರನ್ನ ಹಿಡ್ದು ಒಪ್ಸಿದೀನಿ. ಮಶೀನು ಅರ್ಧ ದಿವ್ಸ ಫ್ರೀ. ಹಳ್ಳ ಒಣಗ್ಯದೆ, ಈಗ್ಲೇ ದಾಟ್ಸಬೋದು. ಶೇಷಮ್ಮ ಮನೇಲಿಲ್ಲ, ಎಂತ ಮಾಡಾದು? ಇಳಿಸ್ಲಾ?"

ಶೇಷಮ್ಮನ ನಂಬರು ನನ್ನ ಫೋನಿನಲ್ಲಿತ್ತು. ಪ್ರತಿಮಾ ಕೂಗಳತೆಯ ಅಂಗನವಾಡಿಯಲ್ಲಿದ್ದಳು. ಗದ್ದೆಗೆ ಅಡಿಯಿದೆ ಎಂಬ ಮಾತನ್ನು ನೂರು ಸಲ ಕೇಳಿದ್ದೆ, ನಾಲ್ಕು ಜನಕ್ಕೆ ಹೇಳಿಯೂ ಇದ್ದೆ. ಆದರೂ ಆ ಗಳಿಗೆಯಲ್ಲಿ, ಪಾಪ, ಮುದುಕಿ ಗಾಡಿ ತಳ್ಳಿ ಸಾಯುವುದು ತಪ್ಪುತ್ತದಲ್ಲ ಎಂಬ ಒಂದು ಘನವಾದ ಕನಿಕರ ನನ್ನೊಳಗೆ ಉಕ್ಕಿ, "ಇಳಿಸಿ" ಎಂದುಬಿಟ್ಟೆ.

ನಾಲ್ಕೂವರೆಯ ಬಸ್ಸಿನ ಟಾಪಿನಿಂದ ಎರಡು ಗಾಡಿ ಇಳಿಸಿಕೊಂಡು ಶೇಷಮ್ಮ ಗದ್ದೆಯ ಕಡೆ ಬಂದಾಗ ಹತ್ತು ಹನ್ನೆರಡು ಜನ ಸೇರಿದ್ದರು. ಗುತ್ತಿಗೆದಾರನ ಕಡೆಯವನೊಬ್ಬ ಫೋಟೋ ತೆಗೆಯುತ್ತಿದ್ದ. ಮಣ್ಣು ಸುರಿದವನೇ ಮಣ್ಣು ತೆಗೆಸುವ ಉದಾರಿಯಾಗಿ ವಾಟ್ಸಾಪಿನಲ್ಲಿ ಆಗಲೇ ಮೆರೆಯತೊಡಗಿದ್ದ. ನೀರು ಒಳಗೆ ಬರುವ ಬಾಯಿಯ ಪಕ್ಕದ ಮೂಲೆಯಲ್ಲಿ, ಮೂರು ಗಂಟೆಯ ಮೇಲೆ ಇಳಿದ ಮಶೀನು ಆಗಲೇ ಒಂದು ಗುಂಟೆಯಷ್ಟು ತೆಗೆದಿತ್ತು. ಕೆಂಪು ಹೋಗಿತ್ತು, ಕಪ್ಪು ಹೋಗಿತ್ತು, ಗಟ್ಟಿ ಅಡಿ ಒಡೆದು, ಅದರ ಕೆಳಗಿನ, ನೀರು ಹಿಡಿಯದ ಹಳದಿ ನೊರಜುಗಲ್ಲು ಬಾಯಿ ತೆರೆದುಕೊಂಡಿತ್ತು.

ಶೇಷಮ್ಮ ಗುಂಡಿಗೆ ಇಳಿದು, ಕೂತು, ಒಡೆದ ಅಡಿಯ ಹೆಂಟೆಯೊಂದನ್ನು ಎತ್ತಿ ನೋಡಿದರು. ಡ್ರೈವರು ತಾನಾಗಿ ಇಂಜಿನ್ ನಿಲ್ಲಿಸಿದ.

"ಯಾರನ್ನ ಕೇಳಿ ಇಳ್ಸಿದ್ರಿ?"

"ಮೇಷ್ಟ್ರನ್ನ ಕೇಳೇ ಇಳ್ಸಿದ್ದು ಶೇಷಮ್ಮಾ, ಸುಮ್ನೆ ಅಲ್ಲ" ಎಂದರು ಪೂರ್ಣೇಶ್.

ಶೇಷಮ್ಮ ನನ್ನ ಕಡೆ ತಿರುಗಿದರು. "ಗದ್ದೆ ಮೇಷ್ಟ್ರದ್ದಾ?"

ಸಾಗರದ ಆ ಅಂಗಡಿಯವರಾದರೂ ಒಂದು ಗಾಡಿ ಮಾರಲಿಕ್ಕೆ ನನ್ನ ಮುಖ ನೋಡಿದ್ದರು. ನಾನು, ಅವರಿಗೆ ಬುದ್ಧಿ ಹೇಳಿ ಬಂದ ಮಹಾನುಭಾವ, ಒಂದು ಗದ್ದೆಯನ್ನೇ ಹಾಳುಮಾಡಲು ಒಪ್ಪಿಗೆ ಕೊಟ್ಟಿದ್ದೆ. ಬಾಯಿಗೆ ಬಂದದ್ದು, "ನಿಮ್ಗೆ ಒಳ್ಳೇದಾಗ್ಲಿ ಅಂತ" ಎಂಬ ಮಾತು, ಅದನ್ನು ನುಂಗಿದೆ. ಅಷ್ಟು ಮರ್ಯಾದೆ ಉಳಿದಿತ್ತು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಗಾಡಿಯ ಚಕ್ರದ ಸದ್ದು ಕೇಳಿತು. ಎಪ್ರಿಲ್ ಪೂರಾ, ಮೇ ಪೂರಾ ಆ ಆರು ಜನ ಹೆಂಗಸರು ಕೆಂಪನ್ನು ಸುಲಿದರು, ಅಂಚಿನ ಮೇಲೆ ದಾಟಿಸಿದರು, ಹಕ್ಕಲಿನಲ್ಲಿ ಹರವಿದರು. ಒಂದು ಗಾಡಿಯೂ ಮಗುಚಲಿಲ್ಲ. ಏಳು ಗುಂಟೆ ಕಪ್ಪು ಮೊದಲಿನಂತೆಯೇ ಮೇಲೆ ಬಂತು. ಒಡೆದ ಮೂಲೆಗೆ ಕೆರೆಯಂಗಳದ ಜೇಡಿಮಣ್ಣು ತಂದು ಹಾಕಿ, ನೀರು ಬಿಟ್ಟು, ದಿನವೂ ತುಳಿದರು. ನಾನೊಂದು ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿಕೊಂಡು ಹೋಗಿ ಅಂಚಿನ ಮೇಲೆ ನಿಂತೆ. "ಬರ್ಲಾ?" ಎಂದು ಕೇಳಿದೆ. ಅವರು ತಲೆಯೆತ್ತದೆ, "ಬರ್ರಿ. ಹಿಮ್ಮಡಿ ಊರಿ ತುಳೀರಿ" ಎಂದರು. ಹದಿನೆಂಟು ದಿನ ತುಳಿದೆ. ಪೂರ್ಣೇಶ್ ಕೂಡ ನಾಲ್ಕು ದಿನ ಬಂದು ತುಳಿದರು.

ನೂರು ವರ್ಷ ತುಳಿದಾದದ್ದು ಹದಿನೆಂಟು ದಿನಕ್ಕೆ ಆಗುತ್ತದೆಯೇ? ಈ ಆಷಾಢದಲ್ಲಿ ನೀರು ತಲೆಗದ್ದೆಯಲ್ಲಿ ನಿಂತು ಕೆಳಗಿನ ಮೂರು ಹಾಳಿಗೆ ಇಳಿಯಿತು. ಉಳಿದದ್ದನ್ನು ಆ ಮೂಲೆ ಕುಡಿದುಬಿಟ್ಟಿತು, ಕಟ್ಟಕಡೆಯ ಹಾಳಿಗೆ ನೆನೆಯುವಷ್ಟೂ ಬರಲಿಲ್ಲ. ಅಲ್ಲಿ ಈ ವರ್ಷವೂ ನಟ್ಟಿಯಿಲ್ಲ. ಎದುರು ಸಿಕ್ಕಾಗ ಶೇಷಮ್ಮ ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಾರೆ, ಆ ಹಾಳಿಯ ಸುದ್ದಿ ಎತ್ತುವುದಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ನನಗೆ ಸುಖವಿತ್ತು.

ಇಂಥವರು ನಮ್ಮ ಸೀಮೆಯ ಊರೂರಿನಲ್ಲೂ ಇದ್ದಾರೆ. ತಮ್ಮ ನೆಲದ ಮೇಲೆ ಬಿದ್ದದ್ದನ್ನು ತಾವೇ ಹೊತ್ತು ಹಾಕುತ್ತಾರೆ. ಯಾವುದರಲ್ಲಿ ಹೊರಬೇಕು, ಎಷ್ಟು ತುಂಬಬೇಕು, ಎಲ್ಲಿ ಹರವಬೇಕು, ಎಲ್ಲವನ್ನೂ ಲೆಕ್ಕ ಹಾಕಿಯೇ ಮನೆಯಿಂದ ಹೊರಡುತ್ತಾರೆ. ಅವರಿಗೆ ಕೇಡು ಬಗೆದವರನ್ನು ಅವರು ಕಚೇರಿಯ ಬಾಗಿಲಲ್ಲೇ ಗುರುತಿಸಿ ತಿರುಗಿ ಬರಬಲ್ಲರು. ಹಿತ ಬಯಸುವ ನಮ್ಮಂಥವರು ಮಾತ್ರ ಅವರು ಊರಲ್ಲಿಲ್ಲದ ದಿನ ನೋಡಿ ಗದ್ದೆಗೆ ಇಳಿಯುತ್ತೇವೆ. ಅವರು ನಮ್ಮಿಂದ ದುಡ್ಡು ಕೇಳಿಲ್ಲ, ಮಶೀನು ಕೇಳಿಲ್ಲ, ಕನಿಕರವನ್ನಂತೂ ಕೇಳಿಯೇ ಇಲ್ಲ. ಒಂದು ಮಾತು ತಮ್ಮನ್ನು ಕೇಳಿ ಎಂದಷ್ಟೇ ಅವರ ಅಪೇಕ್ಷೆ; ಆ ಒಂದು ಮಾತು ಕೇಳದೆ ಹೋದ ನನ್ನ ತಪ್ಪಿನ ಗುರುತು, ಹಳ್ಳದ ದಂಡೆಯಲ್ಲಿ ಹುಲ್ಲು ಬೆಳೆದು ನಿಂತಿರುವ ಆ ಐದನೆಯ ಹಾಳಿ.