ಪೆರಾಬೆಯ ಸಾಕ್ಷಿ

ಪುತ್ತೂರಿನಲ್ಲಿ ಭೌತಶಾಸ್ತ್ರ ಶಿಕ್ಷಕರ ಸಮ್ಮೇಳನ. ತೃಷಾ ಮಾತಾಡಲು ಇನ್ನು ಅರ್ಧ ಗಂಟೆಯಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫ್‌ಗಳನ್ನು ಕೊನೆಯ ಸಲ ನೋಡುತ್ತಿದ್ದಳು. ಒಂದು ಐವರ್ನಾಡಿನ ಅವಳ ಮನೆಯದು. ಇನ್ನೊಂದು ಪೆರಾಬೆಯಿಂದ ಯತಿನ್ ಕಳಿಸಿದ್ದು. ಬಿ.ಎಡ್. ಕಾಲದಿಂದ ಒಂದೇ ಬುತ್ತಿ ಹಂಚಿ ತಿಂದ ಗೆಳೆಯ.

ಗುರುತ್ವ ಅಲೆ ಹಿಡಿಯುವ ದೊಡ್ಡ ಯಂತ್ರಗಳ ಪುಟ್ಟ ಮಾದರಿಯನ್ನು ಇಬ್ಬರೂ ಮಕ್ಕಳಿಗೆ ಕಲಿಸಲೆಂದು ಕಟ್ಟಿದ್ದರು. ಲೇಸರ್ ಬೆಳಕು ಅರೆಪಾರದರ್ಶಕ ಕನ್ನಡಿಗೆ ತಾಗಿ ಎರಡಾಗಿ ಸೀಳಿಕೊಳ್ಳುತ್ತದೆ. ಎರಡು ದಾರಿ ಓಡಿ ಮರಳಿ ಕೂಡುವಾಗ ಒಂದನ್ನೊಂದು ಅಳಿಸಿ ಕತ್ತಲಾಗುತ್ತದೆ. ಒಂದು ದಾರಿ ಕೂದಲೆಳೆಯ ಸಾವಿರದಲ್ಲೊಂದು ಪಾಲು ಹಿಗ್ಗಿದರೂ ಕತ್ತಲಲ್ಲಿ ಬೆಳಕು ಮಿನುಗುತ್ತದೆ. ದೊಡ್ಡ ಯಂತ್ರಗಳಲ್ಲಿ ಆ ದಾರಿ ಕಿಲೋಮೀಟರುಗಟ್ಟಲೆ. ಇವರದ್ದು ಒಂದು ಮೇಜು. ಕಪ್ಪುಕುಳಿಗಳ ಅಲೆ ಇದಕ್ಕೆ ನಿಲುಕದು, ನೆಲದ ನಡುಕ ನಿಲುಕೀತು. ಆದರೂ ನಿಯಮ ಒಂದೇ. ಅದನ್ನು ಹೇಳಿದವನೂ ಯತಿನ್‌ನೇ: "ಲಾರಿ ಹೋದರೂ ಒಂದು ಯಂತ್ರ ಅಲುಗುದು ಉಂಟು ಮಾರಾಯ್ತಿ. ದೂರದ ಎರಡೂ ಅಲುಗಿದರೆ ಮಾತ್ರ ನಂಬುದು."

ಕಳೆದ ತಿಂಗಳು ಒಂದು ಬೆಳಿಗ್ಗೆ ಯಾರಿಗೂ ತಿಳಿಯದ ನಡುಕವೊಂದನ್ನು ತೃಷಾಳ ಯಂತ್ರ ಹಿಡಿದಿತ್ತು. ಕುಣಿದಾಡುತ್ತಾ ಅವನಿಗೆ ಕಳಿಸಿದಳು. ಸಂಜೆ ಅವನ ಗ್ರಾಫ್ ಬಂತು: ಅದೇ ನಡುಕ, ನಾಲ್ಕು ಸೆಕೆಂಡು ತಡವಾಗಿ.

ಈಗ ಅವನ ಗ್ರಾಫನ್ನು ಹಿಗ್ಗಿಸಿ ನೋಡಿದಳು. ನಡುಕದ ಹಿಂದೆಯೇ ಎರಡು ಸಣ್ಣ ಪೆಟ್ಟು. ಅದು ಅವಳ ಅಮ್ಮ ಕಮಲಾವತಿಯದು. ರಬ್ಬರ್ ಹಾಳೆ ಒತ್ತುವ ಮಿಷನ್ನಿನ ಪಿನ್ನು ಪ್ರತಿ ಮೂರನೇ ಹಾಳೆಗೆ ಕಳಚುತ್ತದೆ. ಅಮ್ಮ ಕಲ್ಲಿನಿಂದ ಎರಡು ಪೆಟ್ಟು ಕುಟ್ಟಿ ಕೂರಿಸುತ್ತಾಳೆ. ಮನೆಯ ಗ್ರಾಫಿನಲ್ಲಿ ಅದು ದಿನಾ ಕಾಣುವಂಥದ್ದು. ಪೆರಾಬೆಯದರಲ್ಲಿ?

ಹೊಸ ಶರ್ಟು ತೊಟ್ಟಿದ್ದ ಯತಿನ್ ಚಹಾ ತಂದ.

"ನಿಮ್ಮಲ್ಲಿ ರಬ್ಬರ್ ಮಿಷನ್ ಉಂಟಾ?" ತೃಷಾ ಕೇಳಿದಳು.

"ಇಲ್ಲ. ಎಂತಕ್ಕೆ?"

"ಹಾಗಾದ್ರೆ ನನ್ನ ಅಮ್ಮ ಪೆರಾಬೆಗೆ ಯಾವಾಗ ಬಂದದ್ದು?"

ಅವನು ಗ್ರಾಫ್ ನೋಡಿದ. ಮುಖ ಸಪ್ಪೆಯಾಯಿತು. "ನನ್ನ ಲೇಸರ್ ಸುಟ್ಟು ಎರಡು ತಿಂಗಳಾಯ್ತು. ನಿನ್ನದನ್ನೇ ನಾಲ್ಕು ಸೆಕೆಂಡು ಸರಿಸಿ ಕಳಿಸಿದ್ದು. ನೀನು ಅಷ್ಟು ಖುಷಿಯಲ್ಲಿದ್ದೆ..."

"ನನ್ನ ಖುಷಿಯ ಹೆಸರಲ್ಲಿ ನನಗೇ ಮೋಸ ಮಾಡುದಾ?"

ಅವಳಿಗೆ ಅಳು, ಸಿಟ್ಟು ಒಟ್ಟಿಗೇ ಬಂತು. ತನ್ನ ಯಂತ್ರ ಹಿಡಿದದ್ದು ನಿಜವೇ ಇರಬಹುದು. ಇನ್ನು ಅದಕ್ಕೆ ಸಾಕ್ಷಿ ಹೇಳುವುದಕ್ಕೆ ಎರಡನೇ ಯಂತ್ರವಿಲ್ಲ.

ವೇದಿಕೆಯಲ್ಲಿ ಅವಳು ಒಂದೇ ಗ್ರಾಫ್ ತೋರಿಸಿ, "ನಾವು ಎಂತದ್ದೂ ಹಿಡಿದಿಲ್ಲ" ಎಂದಳು.

"ಎರಡನೆಯದು ಉಂಟಂತೆ, ಪೆರಾಬೆಯದು?" ಯಾರೋ ಕೇಳಿದರು.

ಮುಂದಿನ ಸಾಲಿನಲ್ಲಿ ಯತಿನ್ ತಲೆ ತಗ್ಗಿಸಿದ್ದ.

"ಅದೂ ನಂದೇ" ಎಂದಳು ತೃಷಾ.