ಹನ್ನೆರಡರ ತಾಸು

ಹನ್ನೆರಡರ ತಾಸು ನನಗೇ ಬೇಕೆಂದು ಕೈಯೆತ್ತಿ ಕೇಳಿದವಳು ನಾನೇ. ಯಾರೂ ನನ್ನ ಕತ್ತು ಹಿಡಿದು ಕೂರಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿ ‘ಪಾಪ, ನೀಲಾಗೆ ಅವತ್ತು ಏನು ತೊಂದರೆ ಇತ್ತೋ’ ಎಂದು ಯಾರೂ ನನ್ನ ಪರವಾಗಿ ಮರುಗುವುದು ಬೇಡ.

ನಾಗಪುರದಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆ ಎಂದರೆ ಹನ್ನೆರಡು ಮನೆ. ಹೆಚ್ಚಿನವರು ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆಯಿಂದ ರೈಲ್ವೆಗೆ ವರ್ಗವಾಗಿ ಬಂದವರು. ಬೆಳಿಗ್ಗೆ ಮರಾಠಿಯವರ ಆರಾಧನೆ ನಡೆಯುವ ಚರ್ಚೇ ಭಾನುವಾರ ಸಂಜೆ ನಮಗೆ ಸಿಗುತ್ತದೆ. ನಮ್ಮಲ್ಲಿ ಯಾರಿಗಾದರೂ ಜೀವದ ಮೇಲೆ ಬಂದರೆ ಸರಪಳಿ ಪ್ರಾರ್ಥನೆ ಹಿಡಿಯುತ್ತೇವೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಮನೆಗೊಂದು ತಾಸು. ತನ್ನ ತಾಸು ಮುಗಿಸಿದವರು ಮುಂದಿನವರಿಗೆ ಫೋನ್ ಮಾಡಿ ‘ನನ್ನದು ಮುಗೀತು, ನೀವು ಹಿಡೀರಿ’ ಎನ್ನಬೇಕು. ನಡುವೆ ಒಂದು ಕೊಂಡಿಯೂ ಕಳಚಬಾರದು, ಅಷ್ಟೇ ನಿಯಮ.

ಈ ಸಲ ಆಶಾಳಿಗಾಗಿ ಹಿಡಿದಿದ್ದೆವು. ಮೂವತ್ತೊಂದು ವರ್ಷದ ಹೆಂಗಸು, ನಾಲ್ಕು ವರ್ಷದ ಮಗಳ ತಾಯಿ. ಗಂಡ ಉದಯ್ ವಿಮಾನ ನಿಲ್ದಾಣದ ಪಕ್ಕದ ಮಿಹಾನಿನಲ್ಲಿ ವಿಮಾನ ರಿಪೇರಿ ಕೆಲಸದವನು. ಅವಳ ಹೃದಯದ ವಾಲ್ವ್ ಬದಲಿಸಬೇಕಿತ್ತು. ಗುರುವಾರ ಹನ್ನೆರಡಕ್ಕೆ ಆಪರೇಷನ್. ಆ ತಾಸು ಯಾರಿಗೆ ಎಂದು ನಮ್ಮ ಪಾದ್ರಿ, ಸಭಾಪಾಲಕರು, ಕೇಳಿದಾಗ ಎಲ್ಲರೂ ನೆಲ ನೋಡಿದರು, ನಾನು ಕೈಯೆತ್ತಿದೆ. ನೀಲಕ್ಕ ಮೊಣಕಾಲೂರಿದರೆ ಕೆಲಸ ಆಯಿತೆಂದೇ ಲೆಕ್ಕ ಅನ್ನುವ ಹೆಸರಿತ್ತು ನನಗೆ. ಆ ಹೆಸರಿನ ಮೇಲೆ ಆಸೆ ಇರಲಿಲ್ಲ ಎಂದರೆ ಅದೂ ಸುಳ್ಳೇ.

ಇನ್ನು ಆ ಹಾಳು ಫ್ರಿಜ್ಜಿನ ಮಾತು. ನಮ್ಮಲ್ಲಿ ಯಾರು ದೊಡ್ಡದೇನು ಕೊಂಡರೂ ದೇವರಿಗೆ ವಂದನೆ ಹೇಳಲು ಮನೆಯಲ್ಲಿ ಸ್ತೋತ್ರದ ಕೂಟ ಇಡುವ ರೂಢಿ. ಹಿಂದಿನ ತಿಂಗಳು ಸ್ವಪ್ನಾ ಎರಡು ಬಾಗಿಲಿನ ಫ್ರಿಜ್ಜು ತಂದಳು. ಸಭಾಪಾಲಕರು ಅದರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ನಾವೆಲ್ಲ ಸುತ್ತ ನಿಂತು ಹಾಡಿದೆವು. ಆಮೇಲೆ ಅವಳು ಲೋಟ ಒತ್ತಿದರೆ ಬಾಗಿಲಿನಿಂದಲೇ ಐಸ್ ಗಳಗಳ ಬಿತ್ತು. ಅಬ್ಬಬ್ಬಾ, ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಮನೆಗೆ ಬಂದವಳೇ ನನ್ನ ಹದಿನಾರು ವರ್ಷದ ಫ್ರಿಜ್ಜಿನ ಬಾಗಿಲು ದಢಾರನೆ ಹಾಕಿದೆ. ರೈಲ್ವೆ ಗಾರ್ಡ್ ಆಗಿರುವ ನಮ್ಮ ಯಜಮಾನರು, ‘ಅದೇನ್ ಮಾಡೇತಿ ನಿನಗ?’ ಎಂದರು. ಅಂದಿನಿಂದ ದಿನವೂ ‘ನಮ್ಮ ಮನೆಯಲ್ಲೂ ಒಂದು ಸ್ತೋತ್ರದ ಕೂಟ ನಡೆಯಲಿ ಸ್ವಾಮಿ’ ಎಂದು ಬೇಡುತ್ತಿದ್ದೆ. ಫ್ರಿಜ್ಜಿನ ಹೆಸರು ಮಾತ್ರ ಎತ್ತುತ್ತಿರಲಿಲ್ಲ, ದೇವರಿಗೆ ತಿಳಿಯುವುದಿಲ್ಲ ಅನ್ನುವ ಹಾಗೆ!

ಗುರುವಾರ ಬೆಳಿಗ್ಗೆ ಫೋನಿಗೆ ಮೆಸೇಜು ಬಂತು. ಅದೇ ಫ್ರಿಜ್ಜು, ಅರ್ಧ ಬೆಲೆ, ಹತ್ತೇ ಪೀಸು, ಸೇಲ್ ಮಧ್ಯಾಹ್ನ ಹನ್ನೆರಡಕ್ಕೆ.

ಹನ್ನೆರಡಕ್ಕೆ ನನ್ನ ಹಿಂದಿನವರು ಫೋನ್ ಮಾಡಿ ತಾಸು ಒಪ್ಪಿಸಿದರು. ‘ಹಿಡಿದೇನ್ರಿ’ ಎಂದೆ. ಚಾಪೆ ಹಾಸಿತ್ತು, ಬೈಬಲ್ ಬಿಚ್ಚಿತ್ತು. ಫೋನ್ ಹೇಗೂ ಕೈಯಲ್ಲೇ ಇತ್ತು. ಎರಡು ನಿಮಿಷದ ಕೆಲಸ, ಮುಗಿಸಿ ಮನಸ್ಸು ಹಗುರ ಮಾಡಿಕೊಂಡು ಕೂತರಾಯಿತು ಎಂದುಕೊಂಡೆ. ಎರಡು ನಿಮಿಷ! ಪೇಜು ತೆರೆಯುವುದಕ್ಕೇ ಹತ್ತು ನಿಮಿಷ ತಿರುಗಿತು. ತೆರೆದರೆ ನಾಲ್ಕು ಪೀಸು ಉಳಿದಿವೆ ಎಂದಿತು. ಕಾರ್ಡ್ ಹುಡುಕಲು ಓಡಿದೆ, ಕನ್ನಡಕ ಹುಡುಕಲು ಓಡಿದೆ. ಎರಡು ಪೀಸು. ಮೂರು ನಿಮಿಷದಲ್ಲಿ ಹಣ ಕಟ್ಟದಿದ್ದರೆ ಬುಕಿಂಗ್ ಹೋಗುತ್ತದೆ ಎಂದು ಕೆಂಪು ಅಂಕಿ ಇಳಿಯತೊಡಗಿತು. ಕಾರ್ಡಿನ ಅಂಕಿ ಒತ್ತತೊಡಗಿದೆ.

ಆಗ ಫೋನ್ ಹೊಡೆದುಕೊಂಡಿತು. ಪರದೆಯ ತುಂಬ ಆಶಾಳ ಹೆಸರು.

ಅವಳು ಆಪರೇಷನ್ ಕೋಣೆಯಲ್ಲಿ ಇರಬೇಕಲ್ಲ ಎಂದು ಒಂದು ಕ್ಷಣ ಹೊಳೆಯಿತು. ಉದಯ್ ಮಾಡುತ್ತಿದ್ದಾನೆ, ಆಮೇಲೆ ಮಾತಾಡೋಣ ಎಂದುಕೊಂಡು ಕಟ್ ಮಾಡಿದೆ. ಒಂದು ಅಂಕಿ ತಪ್ಪು ಒತ್ತಿದ್ದೆ, ಅಳಿಸಿ ಮತ್ತೆ ಒತ್ತಿದೆ. ಮತ್ತೆ ಆಶಾ. ಕಟ್ ಮಾಡಿದೆ. ‘ಸ್ವಲ್ಪ ತಡಿಯವಾ ತಾಯಿ!’ ಎಂದು ಫೋನಿಗೇ ಗದರಿದೆ. ಮೂರನೆಯ ಸಲ ಹೊಡೆದುಕೊಂಡಾಗ ಅಂಕಿ ನಲವತ್ತು ಸೆಕೆಂಡಿಗೆ ಇಳಿದಿತ್ತು. ಅದನ್ನೂ ಕಟ್ ಮಾಡಿದೆ. ಆಮೇಲೆ ಹಸಿರು ಗುರುತು ಬಂತು, ಆರ್ಡರ್ ಆಯಿತು. ‘ಸ್ತೋತ್ರ ಸ್ವಾಮಿ’ ಎಂದು ಬಾಯಿಂದ ಬಂದೇಬಿಟ್ಟಿತು.

ಗಡಿಯಾರ ನೋಡಿದರೆ ಹನ್ನೆರಡೂ ಮುಕ್ಕಾಲು. ಆಶಾಳಿಗೆ ಫೋನ್ ಹಚ್ಚಿದೆ, ಸ್ವಿಚ್ ಆಫ್. ಮೊಣಕಾಲೂರಿದೆ. ಒಂದು ಮಾತೂ ಹುಟ್ಟಲಿಲ್ಲ. ಕಣ್ಣು ಮುಚ್ಚಿದರೆ ಬಣ್ಣ ಬೂದು ತಗೊಂಡೆನೋ ಕಪ್ಪು ತಗೊಂಡೆನೋ ಅನ್ನುವ ಚಿಂತೆಯೇ ಕೊರೆಯುತ್ತಿತ್ತು. ಒಂದು ಗಂಟೆಗೆ ಸ್ವಪ್ನಾಗೆ ಫೋನ್ ಮಾಡಿ, ‘ನನ್ನದು ಮುಗೀತು, ನೀ ಹಿಡಿ’ ಎಂದೆ.

‘ಹೆಂಗಾತ್ರಿ ಅಕ್ಕಾ? ಮನಸಿಗೆ ಸಮಾಧಾನ ಸಿಕ್ತೇನು?’ ಎಂದು ಕೇಳಿದಳು.

‘ಸಿಕ್ತು’ ಎಂದೆ.

ಸಂಜೆ ಉದಯ್ ಸುದ್ದಿ ಕಳಿಸಿದ, ಆಪರೇಷನ್ ಚಲೋ ಆಗಿದೆ ಎಂದು. ಸರಿ, ದೇವರು ದೊಡ್ಡವನು, ನನ್ನ ತಪ್ಪು ಮುಚ್ಚಿಹೋಯಿತು ಎಂದು ಉಸಿರು ಬಿಟ್ಟೆ. ನಾಲ್ಕನೆಯ ದಿನ ಮತ್ತೆ ಅವನದೇ ಫೋನ್. ಒಳಗೆ ರಕ್ತ ಜಿನುಗುತ್ತಿದೆ, ಮತ್ತೆ ತೆರೆಯಬೇಕು ಎನ್ನುತ್ತಿದ್ದಾರೆ, ಇವತ್ತೇ ಮಧ್ಯಾಹ್ನ. ‘ಆಕಿ ನಿಮ್ಮನ್ನ ಕೇಳಾಕತ್ಯಾಳ ಅಕ್ಕಾ, ಜಲ್ದಿ ಬರ್ರಿ’ ಎಂದ.

ಆಟೊ ಹಿಡಿದು ಆಸ್ಪತ್ರೆಗೆ ಓಡಿದೆ. ಪರದೆ ಎಳೆದ ಮಂಚದ ಮೇಲೆ ಆಶಾ ಹಿಂಡಿದ ಬಟ್ಟೆಯ ಹಾಗೆ ಬಿದ್ದಿದ್ದಳು. ನನ್ನನ್ನು ಕಂಡಕೂಡಲೇ ಮುಖ ಅರಳಿತು. ನನ್ನ ಕೈ ಹಿಡಿದು ಬಿಡಲೇ ಇಲ್ಲ.

‘ಅವತ್ತು ಒಳಗ ಒಯ್ಯೋದು ತಡಾ ಆತ್ರಿ. ಬಾಗಿಲ ಮುಂದ ಸ್ಟ್ರೆಚರ್ ಮ್ಯಾಲೆ ನನ್ನೊಬ್ಬಾಕಿನ ಮಲಗಿಸಿ ಹೋದ್ರು. ಹೆದರಿಕಿಗೆ ಕೈಕಾಲು ತಣ್ಣಗಾಗಿದ್ವು. ನರ್ಸ್‌ನ ಕಾಡಿ ಬೇಡಿ ಫೋನ್ ಇಸಗೊಂಡೆ. ನಿಮ್ಮ ದನಿ ಒಮ್ಮೆ ಕೇಳಿದ್ರ ಸಾಕು ಅಂತ ಮೂರು ಸಲ ಹಚ್ಚಿದೆ. ಮೂರೂ ಸಲ ಕಟ್ ಮಾಡಿದ್ರಿ.’

ಗೊತ್ತಾಗಿಬಿಟ್ಟಿದೆ ಎಂದುಕೊಂಡೆ.

‘ಆವಾಗ ನನಗ ಧೈರ್ಯ ಬಂತು ನೋಡ್ರಿ’ ಎಂದಳು. ‘ಅಕ್ಕ ನನ್ನ ಫೋನ್ ಸುದ್ದಾ ಎತ್ತವಲ್ಲರು, ಅಷ್ಟು ಗಟ್ಟಿ ಹಿಡಕೊಂಡು ಕುಂತಾರ ದೇವರ ಪಾದ ಅಂತ. ಅಳೋದು ನಿಂತ ಹೋತು. ನಕ್ಕೋತನ ಒಳಗ ಹೋದೆ.’

ಉದಯ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಹೇಳಬೇಕೇ, ಬೇಡವೇ? ಇನ್ನೊಂದು ತಾಸಿಗೆ ಒಳಗೆ ಹೋಗುವವಳ ಕೈಯಿಂದ ಇದ್ದ ಒಂದು ಆಸರೆಯನ್ನು ಕಿತ್ತುಕೊಳ್ಳುವುದು ಯಾವ ಧರ್ಮ? ಸುಮ್ಮನಿರುವುದೇ ಒಳ್ಳೆಯದು ಎಂದು ಮನಸ್ಸು ವಕೀಲಿ ಶುರುಮಾಡಿತು. ಅವಳ ಒಳ್ಳೆಯದಕ್ಕೋ ನನ್ನ ಹೆಸರಿಗೋ, ಅದನ್ನು ಮಾತ್ರ ಕೇಳಿಕೊಳ್ಳಲಿಲ್ಲ.

‘ಇವತ್ತಿನ ತಾಸೂ ನೀವ ಹಿಡೀರಿ ಅಕ್ಕಾ, ಬ್ಯಾರೆಯವರಿಗೆ ಬಿಡಬ್ಯಾಡ್ರಿ’ ಎಂದಳು. ‘ಖರೇ ಹೇಳ್ಲೇನು? ನಾ ಪ್ರಾರ್ಥನಾ ಮಾಡೋದ ಬಿಟ್ಟೇನ್ರಿ. ನನ್ನ ಮಾತು ಎಲ್ಲಿ ಮುಟ್ಟಬೇಕು? ನೀವಿದ್ದೀರಲ್ಲ, ಸಾಕು.’

ಅಯ್ಯೋ ದೇವರೇ. ನಾನೆಂಬ ಗೋಡೆಗೆ ಒರಗಿ ಕೂತಿದ್ದಾಳೆ, ಗೋಡೆಯ ಬುಡವೇ ಟೊಳ್ಳು. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ.

‘ಆಶಾ, ನಾ ಅವತ್ತು ಪ್ರಾರ್ಥನಾ ಮಾಡಲಿಲ್ಲವಾ.’

ಅವಳು ನಕ್ಕಳು. ‘ಏನ್ರಿ ಅಕ್ಕಾ, ಸಣ್ಣವರಾಗಿ ಮಾತಾಡ್ತೀರಿ.’

‘ಸಣ್ಣವಳೇ ಇದ್ದೀನಿ. ಫ್ರಿಜ್ಜು ತಗೊಳ್ಳಾಕತ್ತಿದ್ದೆ. ಸೇಲ್ ಇತ್ತು. ನಿನ್ನ ಫೋನ್ ಎತ್ತಿದ್ರ ರೊಕ್ಕ ಕಟ್ಟೋದು ತಪ್ಪತಿತ್ತು, ಅದಕ್ಕ ಕಟ್ ಮಾಡಿದೆ. ಮೂರೂ ಸಲ.’

‘ಅಕ್ಕಾ!’ ಎಂದು ಉದಯ್ ಚೀರಿದ. ‘ಈಗ ಹೇಳೋ ಮಾತೇನ್ರಿ ಇದು? ಬುದ್ಧಿ ಐತೇನು ನಿಮಗ? ನಡೀರಿ ಹೊರಗ!’

ಅವನು ನನ್ನ ರಟ್ಟೆ ಹಿಡಿದ. ಆಶಾ ಇನ್ನೊಂದು ಕೈಯೆತ್ತಿ ಅವನನ್ನು ತಡೆದಳು. ನನ್ನನ್ನೇ ನೋಡುತ್ತಿದ್ದಳು, ನಗು ಎಲ್ಲೋ ಹೋಗಿತ್ತು. ಮಂಚದ ಪಕ್ಕದ ಯಂತ್ರದ ಟಕಟಕ ಜೋರಾಯಿತು. ಇವಳಿಗೆ ಈಗ ಏನಾದರೂ ಆದರೆ ನಾನೇ ಕೊಂದ ಹಾಗೆ ಎಂದು ಹೆದರಿ ನೀರಾದೆ.

‘ಹಂಗಾದ್ರ ಆ ತಾಸಿನ್ಯಾಗ ನನ್ನ ಸಲುವಾಗಿ ಯಾರೂ ಇರ್ಲಿಲ್ಲೇನು?’ ಎಂದು ಕೇಳಿದಳು.

‘ನಾ ಇರ್ಲಿಲ್ಲ.’

ಅವಳು ನನ್ನ ಕೈಯೊಳಗಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

‘ನೀವಿರ್ಲಿಲ್ಲ. ಆದ್ರೂ ನಾ ಬದುಕಿ ಹೊರಗ ಬಂದೆ’ ಎಂದಳು. ಇನ್ನೊಂದು ಸಲ ಅದನ್ನೇ ಹೇಳಿದಳು, ಈ ಸಲ ನನಗಲ್ಲ, ತನಗೆ ತಾನೇ. ಬರಬರುತ್ತಾ ಯಂತ್ರದ ಸದ್ದು ಮೊದಲಿನಂತಾಯಿತು.

‘ಇವತ್ತಿನ ತಾಸು ನಿಮಗ ಬ್ಯಾಡ ಅಕ್ಕಾ. ನಾನ ಹಿಡೀತೀನಿ.’

‘ನಿನ್ನ ಬಾಜೂಕ ಕೂಡ್ಲೇನು ಆಶಾ?’

‘ಹೊರಗ ಕೂಡ್ರಿ.’

ಎದ್ದೆ. ಪರದೆಯ ಆಚೆ ಬಂದು ಗೋಡೆ ಹಿಡಿದು ನಿಂತೆ. ಒಳಗಿಂದ ಅವಳ ದನಿ ಕೇಳಿಸಿತು. ಸಿಟ್ಟು ಇಳಿದಿರಲಿಲ್ಲ, ದನಿಯಲ್ಲೇ ಗೊತ್ತಾಗುತ್ತಿತ್ತು. ಅಭ್ಯಾಸ ತಪ್ಪಿದವಳ ಹಾಗೆ ತಡವರಿಸುತ್ತಿದ್ದಳು. ತನ್ನ ಎದೆಗಾಗಿ ಕೇಳಿಕೊಂಡಳು, ಮಗಳಿಗಾಗಿ ಕೇಳಿಕೊಂಡಳು, ಡಾಕ್ಟರ ಕೈಗಾಗಿ ಕೇಳಿಕೊಂಡಳು. ಮುಗಿಯಿತೇನೋ ಎಂದುಕೊಳ್ಳುವಷ್ಟರಲ್ಲಿ ನನ್ನ ಹೆಸರು ಬಂತು.

‘ನೀಲಕ್ಕಗ...’ ಎಂದಳು. ಅಲ್ಲಿಗೇ ನಿಲ್ಲಿಸಿದಳು. ಮತ್ತೆ ಮೊದಲಿನಿಂದ, ‘ನೀಲಕ್ಕಗ...’ ಎಂದು ಶುರುಮಾಡಿದಳು. ನಾನು ಅಲ್ಲೇ, ಓಡಾಡುವವರ ಕಾಲ ಬುಡದಲ್ಲೇ, ಮೊಣಕಾಲೂರಿ ಅತ್ತೆ.